ಸಿಸ್ಟರಮ್ಮನ ಮನೆಯಿಂದ ಬಂದ ಡಬ್ಬಿ

ನಮ್ಮ ಸಿಸ್ಟರಮ್ಮ ತೀರಿಕೊಂಡರು ಎಂದು ಪಾಸ್ಟರ್ ಆಸ್ಪತ್ರೆಯಿಂದ ಫೋನ್ ಮಾಡಿದಾಗ ನನಗೆ ಮೊದಲು ಅಳು ಬರಲಿಲ್ಲ. ಸ್ವರ್ಗದ ಬಾಗಿಲು ಕಾಯುವವನ ಮೇಲೆ ಕನಿಕರ ಬಂತು. ಒಳಗೆ ಬನ್ನಿ, ಇಲ್ಲಿ ಯಾರೂ ಏನೂ ಕೊಡಬೇಕಾಗಿಲ್ಲ ಎಂದು ಅವನು ಹೇಳುತ್ತಾನೆ. ಇವರು ಸೆರಗಿನಲ್ಲಿ ಸುತ್ತಿ ತಂದ ನುಗ್ಗೆಕಾಯಿಯನ್ನು ಅವನ ಕೈಗೆ ತುರುಕಿ, 'ಇಟ್ಕಳಪ್ಪ, ನಮ್ಮನೆ ಗಿಡದ್ದು. ಬರಿಗೈಲಿ ಬರೋ ಅಭ್ಯಾಸ ನಂಗಿಲ್ಲ' ಎನ್ನುತ್ತಾರೆ. ಅವನು ಬೇಡ ಎನ್ನುತ್ತಾನೆ, ಇವರು ಬಿಡುವುದಿಲ್ಲ, ಹಿಂದೆ ನಿಂತವರ ಸಾಲು ಬೆಳೆಯುತ್ತಾ ಹೋಗುತ್ತದೆ. ಇದೆಲ್ಲ ಕಣ್ಣಿಗೆ ಕಟ್ಟಿ, ಪಾಸ್ಟರ್ ಇನ್ನೂ ಮಾತಾಡುತ್ತಿರುವಾಗಲೇ ನಾನು ನಕ್ಕುಬಿಟ್ಟೆ. ಆಮೇಲೆ ಅತ್ತಿದ್ದು ಪಾಸ್ಟರಿಗೆ ಗೊತ್ತಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯೋಣವೆಂದರೆ, 'ನನ್ನ ಪ್ರಸಿದ್ಧಿ ಮಾಡೋಕೆ ನೀನ್ಯಾರೇ' ಎಂದು ಗದರುವ ದನಿ ಈಗಲೂ ಕೇಳಿಸುತ್ತದೆ. ಬೀದಿಗೆಲ್ಲ ಅವರು ಸಿಸ್ಟರಮ್ಮ. ಹೊಸೂರು ಸೀಮೆಯ ಬೇರಿಕೆಯ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿ, ತಮಿಳಿನಲ್ಲಿ ನರ್ಸಿಂಗ್ ಓದಿ, ಅಂಚೆಟ್ಟಿಯ ಬೆಟ್ಟದ ಊರುಗಳಲ್ಲಿ ಹೆರಿಗೆ ಮಾಡಿಸುತ್ತಾ ಆಯಸ್ಸಿನ ಮುಕ್ಕಾಲು ಪಾಲು ಕಳೆದು, ನಿವೃತ್ತರಾದ ಮೇಲೆ ಹೊಸೂರಿಗೆ ಬಂದು ಆಲಸನತ್ತಂ ಬಡಾವಣೆಯಲ್ಲಿ ಬಾಡಿಗೆಗಿದ್ದರು. ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, 'ಅಂಚೆಟ್ಟೀಲಿ ದಿನಕ್ಕೆರಡೇ ಬಸ್ಸು. ಹೆಣ್ಣು ನೋಡೋಕೆ ಬಂದೋರಿಗೆ ವಾಪಸ್ ಹೋಗೋ ಬಸ್ಸಿನದೇ ಚಿಂತೆ, ನನ್ ಮುಖ ಯಾರ್ ನೋಡಿದ್ರು' ಎನ್ನುತ್ತಿದ್ದರು.

ನಾವು ಕೋಲಾರದ ಕಡೆಯವರು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನನ್ನ ಗಂಡನಿಗೆ ಹೊಸೂರಿನ ಕಂಪನಿಯೊಂದರಲ್ಲಿ ಶಿಫ್ಟ್ ಕೆಲಸ ಸಿಕ್ಕಿತು, ನಾನು ಮನೆಯಲ್ಲೇ ಬ್ಲೌಸ್ ಹೊಲಿಯತೊಡಗಿದೆ. ನಮಗೆ ಸಿಕ್ಕ ಬಾಡಿಗೆ ಮನೆಯ ಎದುರಿಗೇ ಅವರ ಮನೆ. ಎರಡು ಕೋಣೆ, ಒಂದು ಜಗಲಿ, ಅಂಗಳದಲ್ಲಿ ಒಂದು ನುಗ್ಗೆಮರ. ಆ ಮರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರ ಕೆಲಸವಿದೆ.

ನಮ್ಮ ಕನ್ನಡದವರ ಸಭೆ ಸಣ್ಣದು. ತಮಿಳಿನವರ ಚರ್ಚಿನ ಹಿಂದೆ ಶೀಟು ಹೊದಿಸಿದ ಒಂದು ಕೊಠಡಿ, ಅವರ ಆರಾಧನೆ ಮುಗಿದ ಮೇಲೆ ನಮ್ಮದು. ಶುಕ್ರವಾರ ಮಧ್ಯಾಹ್ನ ಮಾತ್ರ ಹೆಂಗಸರ ಪ್ರಾರ್ಥನೆ ಕೂಟ ಸಿಸ್ಟರಮ್ಮನ ಜಗಲಿಯಲ್ಲಿ. ಅವರು ಮೂರು ಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ದೇವರನ್ನು ಹೊಗಳುವುದು ತೆಲುಗಿನಲ್ಲಿ, ಕಷ್ಟ ಹೇಳಿಕೊಳ್ಳುವುದು ಕನ್ನಡದಲ್ಲಿ. ತೀರಾ ತುರ್ತಾದರೆ ತಮಿಳು. ದೇವರಿಗೂ ತಮಿಳೇ ಬೇಕಾ ಎಂದು ನಾನೊಮ್ಮೆ ಕೇಳಿದೆ. 'ಸರ್ವೀಸಿಡೀ ನೋಡಿದ್ದೀನಿ ಕಣೇ, ತಮಿಳಲ್ಲಿ ಕೇಳ್ದಿದ್ರೆ ಒಂದು ಫೈಲೂ ಅಲ್ಲಾಡಲ್ಲ' ಎಂದರು.

ಕೃಪೆಯ ಪಾಠ ಅವರಿಗೆ ಪ್ರಾಣ. ಅದನ್ನು ಅವರು ಕಲಿಸುತ್ತಿದ್ದ ರೀತಿ ಮಾತ್ರ ನರ್ಸಮ್ಮ ಮಕ್ಕಳಿಗೆ ಚುಚ್ಚುಮದ್ದು ಹಾಕುವ ರೀತಿ. ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸುವರು.

'ರಕ್ಷಣೆ ಯಾತರಿಂದ?'

'ಕೃಪೆಯಿಂದ, ಸಿಸ್ಟರಮ್ಮ.'

'ನೀನು ಒಳ್ಳೇವ್ಳು ಅಂತ ಕೊಟ್ಟಿದ್ದಾ?'

'ಅಲ್ಲ.'

'ನೀನು ಅದಕ್ಕೆ ಏನು ವಾಪಸ್ ಕೊಡ್ಬೇಕು?'

'ಏನೂ ಇಲ್ಲ, ಬಿಟ್ಟಿ.'

'ಸರಿ, ಕೂತ್ಕ. ಮುಂದಿನ ವಾರದಿಂದ ಟೈಮಿಗೆ ಸರಿಯಾಗಿ ಬಾ.'

ಈ ಕೊನೆಯ ಮಾತು ಯಾವಾಗಲೂ ನನಗೆ. ಪಾಪಿಗಳನ್ನೆಲ್ಲ ಕ್ಷಮಿಸಲು ಅವರು ಸಿದ್ಧ, ಲೇಟಾಗಿ ಬಂದವರನ್ನು ಮಾತ್ರ ಅಲ್ಲ.

ನಾನು ಅವರನ್ನು ಕಂಡು ಹೆದರುವುದನ್ನು ಬಿಟ್ಟಿದ್ದು ಎರಡನೆಯ ಸಲವೂ ನನ್ನ ಗರ್ಭ ನಿಲ್ಲದೆ ಹೋದಾಗ. ನಮ್ಮಮ್ಮ ಬರಲು ತಡವಾಯಿತು. ಗಂಡನಿಗೆ ರಜೆ ಸಿಗಲಿಲ್ಲ. ಸಿಸ್ಟರಮ್ಮ ಯಾರನ್ನೂ ಕೇಳದೆ ಒಳಗೆ ಬಂದು, ನನ್ನನ್ನು ಎಬ್ಬಿಸಿ ಮೈ ತೊಳೆಸಿ, ನನ್ನ ಬಟ್ಟೆಗಳನ್ನು ಬಕೆಟ್ಟಿಗೆ ಹಾಕಿಕೊಂಡು ಕಲ್ಲಿನ ಮೇಲೆ ಕೂತು ಒಗೆದರು. ಸಭೆಯ ಬೇರೆಯವರು ಬಂದು ದೇವರ ಚಿತ್ತ, ದೇವರ ಯೋಜನೆ ಎಂದೆಲ್ಲ ಸಮಾಧಾನ ಹೇಳಿಹೋದರು. ಇವರು ಹೇಳಿದ್ದು ಇಷ್ಟೇ. 'ಬೈಬೇಕು ಅನ್ಸಿದ್ರೆ ಬೈಕೋ ಅವ್ನಿಗೆ. ಕಿವುಡಾನೂ ಅಲ್ಲ, ಮುನಿಸ್ಕಂಡು ಎದ್ದೋಗೋನೂ ಅಲ್ಲ.' ನಾನು ಬೈದೆ. ಹೊಟ್ಟೆ ತುಂಬ ಬೈದೆ. ಅವರು ಪಕ್ಕದಲ್ಲಿ ಕೂತು ಹೂಂ, ಹೂಂ ಎನ್ನುತ್ತಿದ್ದರು. ನನ್ನ ನಂಬಿಕೆ ಉಳಿದಿದ್ದರೆ ಅದು ಯಾವ ಪಾಸ್ಟರ ಪ್ರಸಂಗದಿಂದಲೂ ಅಲ್ಲ, ಆ ಹೂಂಗುಟ್ಟುವಿಕೆಯಿಂದ.

ಮೈ ಸರಿಹೋದ ಮೇಲೆ ನಾನು ಅವರಿಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಕೋಳಿ ಸಾರು ಕೊಟ್ಟುಬಂದೆ. ಮಧ್ಯಾಹ್ನ ದಾಟುವುದರೊಳಗೆ ಡಬ್ಬಿ ವಾಪಸ್ ಬಂತು. ಒಳಗೆ ನುಗ್ಗೆಕಾಯಿ. ಉದ್ದನೆಯ ಕಾಯಿ ಡಬ್ಬಿಯೊಳಗೆ ಕೂರುವುದಿಲ್ಲವಲ್ಲ, ಅದಕ್ಕೆ ಒಂದೇ ಅಳತೆಗೆ ಕತ್ತರಿಸಿ ಥರ್ಮಾಮೀಟರುಗಳ ಹಾಗೆ ಸಾಲಾಗಿ ನಿಲ್ಲಿಸಿದ್ದರು. ಪಾತ್ರೆ ಖಾಲಿ ಕಳಿಸಬಾರದು ಎನ್ನುವುದು ನಮ್ಮ ಮನೆಗಳಲ್ಲೂ ಇದ್ದದ್ದೇ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ ಹಾಕಿ ಕೊಡುತ್ತೇವೆ. ಸಿಸ್ಟರಮ್ಮನದು ಆ ಜಾತಿಯದಲ್ಲ. ಅವರದು ಹಟ.

ನಾನೂ ಹಟಕ್ಕೆ ಬಿದ್ದೆ. ಕಜ್ಜಾಯ ಕಳಿಸಿದೆ, ಕರಿಬೇವು ಬಂತು. ಕ್ರಿಸ್ಮಸ್ಸಿಗೆ ಕೇಕು ಕಳಿಸಿದೆ, ಕೈಯಲ್ಲಿ ಹೆಣೆದ ಉಲ್ಲನ್ ಟೋಪಿ ಬಂತು. ಒಮ್ಮೆ ಮರದಲ್ಲಿ ಕಾಯಿಯಿಲ್ಲದ ಕಾಲ ನೋಡಿಕೊಂಡು ಅವರೆಕಾಳಿನ ಹುಳಿ ಕಳಿಸಿದೆ, ಈ ಸಲ ಗೆದ್ದೆ ಅಂದುಕೊಂಡೆ. ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಒಂದು ಪಟ್ಟಿ ಜ್ವರದ ಮಾತ್ರೆ. ಕೇಳಿದರೆ, 'ಈಗ ಬೇಡ್ದೇ ಇರ್ಬೋದು, ಚಳಿ ಜೋರಾಗ್ತೈತೆ' ಎಂದರು. ನನ್ನ ಗಂಡ, 'ಮುಂದಿನ ಸಲ ಹುಷಾರಾಗಿ ಮುಚ್ಚಳ ತೆಗಿ, ಇಂಜೆಕ್ಷನ್ ಇದ್ರೂ ಇರುತ್ತೆ' ಎಂದ. ಇದು ನನ್ನದಲ್ಲ, ಸಭೆಯಿಂದ ಬಂದದ್ದು ಎಂದು ಒಮ್ಮೆ ಸುಳ್ಳು ಹೇಳಿ ಪಲಾವ್ ಕೊಟ್ಟೆ. ಸರಿ, ಒಂದು ಹೊರೆ ನುಗ್ಗೆಸೊಪ್ಪು ಪಾಸ್ಟರ್ ಮನೆಗೆ ಹೋಯಿತು. ಪಾಪ, ಆ ವಾರವೆಲ್ಲ ಪಾಸ್ಟರ್ ಮನೆಯಲ್ಲಿ ಸೊಪ್ಪಿನದೇ ಸಾರು, ಸೊಪ್ಪಿನದೇ ಪಲ್ಯ.

ಒಂದು ಶುಕ್ರವಾರ ತಡೆಯಲಾರದೆ ಎಲ್ಲರ ಎದುರಿಗೇ ಕೇಳಿದೆ. 'ಸಿಸ್ಟರಮ್ಮ, ಕೃಪೆ ಬಿಟ್ಟಿ ಅಂತ ವಾರವಾರ ಹೇಳ್ಕೊಡ್ತೀರ. ನನ್ ಡಬ್ಬಿ ಮಾತ್ರ ಒಂದ್ ಸಲಾನೂ ಖಾಲಿ ಬರಲ್ವಲ್ಲ.'

'ಅದು ದೇವ್ರ ವಿಷ್ಯ, ಇದು ಸಾರಿನ ವಿಷ್ಯ. ಎರಡೂ ಬೆರೆಸ್ಬ್ಯಾಡ' ಎಂದು ನನ್ನನ್ನು ಕೂರಿಸಿದರು.

ಆಮೇಲೆ ಎಂದಿನಂತೆ ಅಂಚೆಟ್ಟಿಯ ಕೋಳಿಯ ಕತೆ ಶುರು ಮಾಡಿದರು. ಆ ಕತೆಯನ್ನು ನಾವೆಲ್ಲ ಬಾಯಿಪಾಠ ಒಪ್ಪಿಸಬಲ್ಲೆವು. ಸರ್ವೀಸಿನಲ್ಲಿ ಯಾರಿಂದಲೂ ಒಂದು ಬಾಳೆಹಣ್ಣನ್ನೂ ಮುಟ್ಟಬಾರದು ಎನ್ನುವುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು. ಕಷ್ಟದ ಹೆರಿಗೆಯೊಂದರಲ್ಲಿ ತಾಯಿ ಮಗು ಇಬ್ಬರನ್ನೂ ಉಳಿಸಿದರು. ಎರಡು ತಿಂಗಳಾದ ಮೇಲೆ ಆ ತಾಯಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಕಂಕುಳಲ್ಲಿ ಒಂದು ಕೋಳಿ ಹಿಡಿದು, ಕಾಡಿನ ದಾರಿಯಲ್ಲಿ ನಡೆದು ಬಂದಳು. ಇವರು ಬೇಡ ಎಂದರು. ಅವಳು, 'ಕೋಳಿಗೂ ಕೂಸಿಗೂ ಸಮ ಆಗ್ತದಾ ತಾಯೀ? ಇದು ಬದ್ಲಿಗಲ್ಲ. ಕೊಡ್ಬೇಕು ಅನ್ನಿಸ್ತು, ತಗಂಬಂದೆ' ಎಂದಳು. 'ಆದ್ರೂ ನಾನ್ ಮುಟ್ಟಲಿಲ್ಲ. ಕೋಳಿ ಸಮೇತ ವಾಪಸ್ ಕಳಿಸ್ದೆ' ಎಂದು ಸಿಸ್ಟರಮ್ಮ ಕತೆ ಮುಗಿಸುವರು, ನಾವು ದೇವರಿಗೆ ಸ್ತೋತ್ರ ಎನ್ನುವೆವು. ಅಷ್ಟು ದೂರ ನಡೆದು ಬಂದವಳನ್ನು ಹಾಗೆ ಕಳಿಸಿದ್ದಕ್ಕೆ ಸ್ತೋತ್ರ ಯಾಕೆ ಎಂದು ನನಗೆ ಒಳಗೊಳಗೇ ಅನ್ನಿಸುತ್ತಿತ್ತು, ಕೇಳುವ ಧೈರ್ಯ ಇರಲಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಒಂದು ದಿನ ನಾನು ಹುರುಳಿಕಾಳಿನ ಬಸ್ಸಾರು ಮಾಡಿ ಡಬ್ಬಿಯಲ್ಲಿ ಕೊಟ್ಟುಬಂದೆ. ಸಿಸ್ಟರಮ್ಮ ಡಬ್ಬಿ ತೊಳೆದು, ಅದನ್ನು ತುಂಬಿಸಲು ಅಂಗಳಕ್ಕೆ ಬಂದು ನೋಡಿದರೆ ಕಾಯಿಯೆಲ್ಲ ಮರದ ತುದಿಯಲ್ಲಿ. ಸ್ಟೂಲಿನ ಮೇಲೆ ಹತ್ತಿ, ಕೊಕ್ಕೆ ಕಟ್ಟಿದ ಕೋಲಿನಿಂದ ಎಳೆದರು. ಕಾಯಿ ಬಂತು, ಜೊತೆಗೆ ಅವರೂ ಬಂದರು. ಕೂಗು ಕೇಳಿ ನಾನು ಓಡಿದಾಗ ನೆಲದ ಮೇಲೆ ಬಿದ್ದುಕೊಂಡೇ, 'ಮುಟ್ಬ್ಯಾಡ, ತೊಡೆ ಮೂಳೆ ಮುರಿದೈತೆ, ಹಲಗೆ ತಗಂಬಾ' ಎಂದು ತಮ್ಮ ಶುಶ್ರೂಷೆಗೆ ತಾವೇ ಆರ್ಡರ್ ಹಾಕುತ್ತಿದ್ದರು. ಪಕ್ಕದಲ್ಲಿ ನನ್ನ ಡಬ್ಬಿ ಉರುಳಿಕೊಂಡಿತ್ತು, ಅದರ ಹತ್ತಿರ ಮುರಿದು ಎರಡು ತುಂಡಾದ ನುಗ್ಗೆಕಾಯಿ. ನನಗೆ ಅಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಆಪರೇಷನ್ ಆಯಿತು, ಪ್ಲೇಟ್ ಹಾಕಿದರು, ಮನೆಗೆ ಕರೆತಂದೆವು. ಶುಕ್ರವಾರದ ಹೆಂಗಸರೆಲ್ಲ ಸೇರಿ, ಯಾವ ಹೊತ್ತಿಗೆ ಯಾರ ಮನೆಯ ಊಟ, ರಾತ್ರಿ ಜೊತೆಗೆ ಯಾರು ಮಲಗುವುದು ಎಂದು ಮಾತಾಡಿಕೊಂಡೆವು. ಇದಕ್ಕೆ ಸಿಸ್ಟರಮ್ಮನ ಒಪ್ಪಿಗೆ ಇರಲಿಲ್ಲ. ಎದ್ದು ನಮ್ಮನ್ನು ಓಡಿಸಲು ಕಾಲಿರಲಿಲ್ಲ, ಅಷ್ಟೆ.

ಆದರೆ ಅವರಿಗೆ ಬಾಯಿತ್ತು, ನಮ್ಮ ಊಟಕ್ಕೆ ಆ ಬಾಯನ್ನು ಮುಚ್ಚಿಕೊಂಡರು. ಮೇಜಿನ ಮೇಲೆ ನಮ್ಮ ಡಬ್ಬಿಗಳು ಸಾಲಾಗಿ ನಿಂತಿರುತ್ತಿದ್ದವು, ಬೆಳಗಿನದು ಬೆಳಗಿನಿಂದ ಹಾಗೇ, ಮಧ್ಯಾಹ್ನದ್ದು ಮಧ್ಯಾಹ್ನದಿಂದ ಹಾಗೇ. ಅವರು ಬಿಸ್ಕತ್ತನ್ನು ನೀರಲ್ಲಿ ಅದ್ದಿಕೊಂಡು ತಿನ್ನುತ್ತಿದ್ದರು. ಹಸಿವಿಲ್ಲ ಎಂದರು, ವಾಯು ಎಂದರು, ಮಾತ್ರೆಯ ಕಹಿ ಎಂದರು. ಕೊನೆಗೆ ನಿಜ ಹೊರಬಿತ್ತು. 'ಇಷ್ಟೊಂದು ಡಬ್ಬೀನ ನಾನು ಮಲಗಿದ ಕಡೆಯಿಂದ ಯಾತರಿಂದ ತುಂಬ್ಸಿ ಕಳಿಸ್ಲಿ? ಸೋಮವಾರ ಕಾರ್ ಬತ್ತೈತೆ. ಕೃಷ್ಣಗಿರಿ ಆಚೆ ಒಂದು ವೃದ್ಧಾಶ್ರಮಕ್ಕೆ ಹೇಳಿದ್ದೀನಿ. ನನ್ ಪೆನ್ಷನ್ ಕೊಟ್ಟು ಅಲ್ಲಿರ್ತೀನಿ. ಯಾರ ಹಂಗೂ ಇರಲ್ಲ.'

ಪಾಸ್ಟರ್ ಬಂದು ಹೇಳಿದರು, ಕೇಳಲಿಲ್ಲ. ನಾವು ಅತ್ತೆವು, ಕಣ್ಣೀರು ಕಣ್ಣಿಗೆ ಒಳ್ಳೆಯದು ಎಂದರು. ಉಣ್ಣದೆ ಸೊರಗಿದ ಆ ಮೈಯನ್ನು ಕಾರಿನಲ್ಲಿ ಅಷ್ಟು ದೂರ ಕಳಿಸಿದರೆ ಅವರು ಮತ್ತೆ ಎದ್ದು ಓಡಾಡುವುದು ಸುಳ್ಳು ಎಂದು ನನಗೆ ಅನ್ನಿಸಿತು. ಇನ್ನೊಂದು ಮಾತು, ಅದನ್ನು ಹೇಳದೆ ಇರಲಾರೆ. ಅವರಿಲ್ಲದ ಬೀದಿಯಲ್ಲಿ ನಾನು ಹೇಗಿರಲಿ ಎನ್ನುವ ಹೆದರಿಕೆ ನನ್ನದು.

ಸೋಮವಾರಕ್ಕೆ ಮೊದಲಿನ ಶುಕ್ರವಾರ ಕೂಟ ಇರಲಿಲ್ಲ. ನಾನೊಬ್ಬಳೇ ಹೋದೆ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬಿಸಿನೀರಿನ ಬೇಸಿನ್. ಡಬ್ಬಿ ಮೇಜಿನ ಮೇಲಿಟ್ಟು ಅವರ ಕಾಲಿನ ಮೇಲಿನ ಹೊದಿಕೆ ಸರಿಸಿದೆ.

'ಏನ್ ಮಾಡ್ತಿದ್ದೀಯೇ?'

'ಕಾಲು ತೊಳೀತೀನಿ. ನೋಡಿ, ಹಿಮ್ಮಡಿ ಹೆಂಗೆ ಬಿರಿದಿದೆ.'

'ಬ್ಯಾಡ. ನಾನು ಊರ ಕಾಲೆಲ್ಲ ತೊಳ್ದೋಳು. ನನ್ ಕಾಲು ಯಾರೂ ತೊಳೀಬೇಕಾಗಿಲ್ಲ.'

ನಾನು ಬೇಸಿನ್ ಕೆಳಗಿಡಲಿಲ್ಲ. ಅವರೇ ಕಲಿಸಿದ ಪಾಠವನ್ನು ಅವರಿಗೇ ಒಪ್ಪಿಸಿದೆ. ಬೈಬಲಿನಲ್ಲಿ ಗುರು ಸೊಂಟಕ್ಕೆ ಟವಲ್ಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯಲು ಬಂದಾಗ ಒಬ್ಬ ಶಿಷ್ಯ ಬೇಡವೇ ಬೇಡ ಎಂದು ಕಾಲು ಹಿಂದಕ್ಕೆಳೆದುಕೊಂಡನಲ್ಲ, ಆ ಕತೆ. 'ಆ ಶಿಷ್ಯನ್ನ ನೀವು ಏನಂತ ಬೈದಿದ್ರಿ, ಜ್ಞಾಪಕ ಇದೆಯಾ ಸಿಸ್ಟರಮ್ಮ? ಮೊಂಡ ಅಂದ್ರಿ. ವಿನಯ ಅಲ್ಲ ಅದು, ಜಂಬ ಅಂದ್ರಿ. ಬರೆದು ಕೊಡು ಅಂದ್ರೂ ಕೊಡ್ತೀನಿ.'

ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ನನಗೆ ಅಲ್ಲಿಗೇ ನಿಲ್ಲಿಸಲು ಆಗಲಿಲ್ಲ. 'ಆವತ್ತು ನನ್ ಬಟ್ಟೆ ಒಗೆದ್ರಲ್ಲ, ನಾನು ಅದಕ್ಕೆ ಏನ್ ಕೊಟ್ಟೆ? ಏನ್ ಕೊಟ್ರೂ ತಗೊಳ್ಲಿಲ್ಲ ನೀವು. ನಾನು ಸುಮ್ನೆ ತಗೊಂಡೆ. ತಗೊಳ್ಳೋದು ಎಷ್ಟು ಕಷ್ಟ ಅಂತ ನಂಗೂ ಗೊತ್ತು. ಕೊಡೋದೇ ಸುಲಭ. ಸುಲಭದ್ದೆಲ್ಲ ನಿಮಗಾ, ಕಷ್ಟದ್ದು ಮಾತ್ರ ನಮಗಾ?'

ಎದುರು ಮನೆಯಲ್ಲಿ ನನ್ನ ಗಂಡ ಶಿಫ್ಟಿಗೆ ಹೊರಡಲು ಸ್ಕೂಟರು ಒದೆಯುತ್ತಿದ್ದ ಸದ್ದು ಕೇಳುತ್ತಿತ್ತು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಆಮೇಲೆ ಸಿಸ್ಟರಮ್ಮ ಮುರಿಯದ ಕಾಲನ್ನು ಸ್ವಲ್ಪವೇ ಮುಂದಕ್ಕೆ ಚಾಚಿದರು. ನಾನು ತೊಳೆದೆ. ಅವರು ಕಣ್ಣು ಮುಚ್ಚಿಕೊಂಡೇ, 'ಬೆರಳ ಸಂದೀಲಿ ಒರೆಸು, ಹಸಿ ಇದ್ರೆ ಹುಣ್ಣಾಗ್ತದೆ' ಎಂದರು. ಒರೆಸಿದೆ. ಇನ್ನೊಂದು ಕಾಲನ್ನು ನೋವಾಗದ ಹಾಗೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ.

'ಆ ಕೋಳೀನ ನಾನು ವಾಪಸ್ ಕಳಿಸ್ಲಿಲ್ಲ ಕಣೇ' ಎಂದರು.

ನನಗೆ ತಟ್ಟನೆ ಹೊಳೆಯಲಿಲ್ಲ.

'ಅಂಚೆಟ್ಟಿ ಕೋಳಿ. ಕಳಿಸ್ದೆ, ನಿಜ. ಬೆಳಗಾಗೆದ್ದು ನೋಡ್ತೀನಿ, ಗೇಟಿಗೆ ಕಟ್ಟಾಕಿ ಹೋಗ್ಬುಟ್ಟವ್ಳೆ. ಅಷ್ಟು ದೂರ ಬೆಟ್ಟ ಹತ್ತಿ ವಾಪಸ್ ಕೊಟ್ಟು ಬರೋಣ ಅಂದ್ರೆ ನಂಗೆ ಆಗ ಕಾಮಾಲೆ. ಎದ್ದು ನಿಲ್ಲೋಕಾಗ್ತಿರ್ಲಿಲ್ಲ. ಎದ್ದ ಮೇಲೆ ಮೈಯಾಗೆ ಶಕ್ತಿ ಬಂದಿದ್ದೇ ಅದರ ಮೊಟ್ಟೇಲಿ. ಅವ್ಳು ಆಮೇಲೂ ಬರೋಳು, ಮಗೀಗೆ ಔಷ್ದಿಗೆ ಅಂತ. ಅಂಗಳದಾಗೆ ಓಡಾಡ್ತಿದ್ದ ಕೋಳಿ ನೋಡೋಳು, ನನ್ ಮುಖ ನೋಡೋಳು, ಒಂದು ನಗು ನಗೋಳು. ಒಂದ್ ಮಾತೂ ಆಡ್ಲಿಲ್ಲ. ನಾನೂ ಏನೂ ಕೊಡ್ಲಿಲ್ಲ. ಅವ್ಳಿಗೆ ಏನಾದ್ರೂ ಕೊಡೋಷ್ಟರಲ್ಲಿ ನಂಗೆ ಟ್ರಾನ್ಸ್‌ಫರ್ ಆಗೋಯ್ತು.'

ನನಗೆ ಆಗ ಎಲ್ಲ ತಿಳಿಯಿತು. ನುಗ್ಗೆಕಾಯಿ, ಉಲ್ಲನ್ ಟೋಪಿ, ಜ್ವರದ ಮಾತ್ರೆ. ನಮ್ಮ ಬೀದಿಯ ಅಷ್ಟೂ ಡಬ್ಬಿಗಳಲ್ಲಿ ಸಿಸ್ಟರಮ್ಮ ಅಷ್ಟು ವರ್ಷದಿಂದ ಆ ಒಂದು ಕೋಳಿಯನ್ನು ವಾಪಸ್ ಕಳಿಸುತ್ತಿದ್ದರು.

'ಅವಳು ಏನಾದ್ರೂ ಕೇಳಿದ್ಳಾ?' ಎಂದೆ.

'ಇಲ್ಲ.'

'ಬದ್ಲಿಗಲ್ಲ ಅಂತ ಅವತ್ತೇ ಹೇಳಿದ್ಳಲ್ಲ.'

'ಹೇಳಿದ್ಳು.' ಅವರ ಕಣ್ಣಿನ ಮೂಲೆಯಿಂದ ನೀರು ಕಿವಿಗೆ ಇಳಿಯಿತು. 'ಅಷ್ಟು ವರ್ಷದಿಂದ ನಿಮಗೆಲ್ಲ ಅದನ್ನೇ ಪಾಠ ಹೇಳ್ತಿದ್ದೀನಿ ನೋಡು. ಆ ಬೆಟ್ಟದೋಳಿಗೆ ಗೊತ್ತಿತ್ತು.' ಸೆರಗಿನಿಂದ ಕಿವಿ ಒರೆಸಿಕೊಂಡು, 'ಡಬ್ಬೀಲಿ ಏನೈತೆ?' ಎಂದರು.

'ಮುದ್ದೆ. ಅದೇ ಹುರುಳಿ ಬಸ್ಸಾರು.'

ತಲೆದಿಂಬು ಎತ್ತರಿಸಿ ಕೂರಿಸಿದೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗಿದರು. ನಾಲ್ಕು ತುತ್ತು ಹೋದ ಮೇಲೆ, 'ಉಪ್ಪು ಕಮ್ಮಿ' ಎಂದರು.

'ಬಿಟ್ಟಿ ಸಾರಿಗೆ ಉಪ್ಪು ಕೇಳೋ ಹಂಗಿಲ್ಲ' ಎಂದೆ. ಅವರು ನಕ್ಕರು, ನಕ್ಕಿದ್ದಕ್ಕೆ ತೊಡೆ ನೋವಾಗಿ ನನ್ನನ್ನು ಬೈದರು.

ಮಾರನೆಯ ದಿನ ಡಬ್ಬಿ ತರಲು ಹೋದೆ. ರಾತ್ರಿ ಜೊತೆಗಿದ್ದವರು ತೊಳೆದು ಕಿಟಕಿಯ ಮೇಲೆ ಬೋರಲು ಹಾಕದೆ, ಮುಚ್ಚಳ ಮುಚ್ಚಿ ಹಾಸಿಗೆಯ ಪಕ್ಕ ಇಟ್ಟಿದ್ದರು. ಸಿಸ್ಟರಮ್ಮನೇ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಹಗುರವಾಗಿತ್ತು. ಮಾತ್ರೆಯೂ ಹಗುರವೇ ಅಲ್ಲವೇ ಎಂದುಕೊಂಡು ಅಂಗಳ ದಾಟಿ ಗೇಟಿನ ಹತ್ತಿರ ಬಂದೆ. ಅಲ್ಲಿ ನಿಂತು ಅಭ್ಯಾಸಬಲದಿಂದ ಮುಚ್ಚಳ ತೆಗೆದೆ. ಏನೂ ಇರಲಿಲ್ಲ. ಸಕ್ಕರೆಯ ಕಾಳು ಕೂಡ ಇರಲಿಲ್ಲ.

'ಏನೇ ನೋಡ್ತಿದ್ದೀಯಾ?' ಒಳಗಿನಿಂದ ದನಿ ಬಂತು. 'ಖಾಲೀನೇ.' ಆ ದನಿ ಸ್ವಲ್ಪ ನಡುಗುತ್ತಿತ್ತು. ಮೂಳೆ ಮುರಿದು ಅಂಗಳದಲ್ಲಿ ಬಿದ್ದಿದ್ದಾಗಲೂ ಅದು ನಡುಗಿರಲಿಲ್ಲ. ಸೋಮವಾರ ಬಂದ ಕಾರಿನವನನ್ನು ನಾನೇ ವಾಪಸ್ ಕಳಿಸಿದೆ.

ಆಮೇಲೆ ಅವರು ಎದ್ದು ವಾಕರ್ ಹಿಡಿದು ನಡೆದರು. ಮೂರು ವರ್ಷ ನಮ್ಮ ಬೀದಿಯಲ್ಲಿ, ನಮ್ಮ ಮನೆಗಳ ಅನ್ನ ಉಂಡುಕೊಂಡು, ಎಲ್ಲರ ಅಡುಗೆಗೂ ಹೆಸರಿಟ್ಟುಕೊಂಡು ಬದುಕಿದರು. ಶುಕ್ರವಾರದ ಪಾಠ ನಿಲ್ಲಲಿಲ್ಲ, ಕೋಳಿಯ ಕತೆಯ ಕೊನೆ ಮಾತ್ರ ಬದಲಾಯಿತು. ನನ್ನ ಡಬ್ಬಿ ಪ್ರತಿ ಸಲವೂ ಖಾಲಿಯೇ ಬರುತ್ತಿತ್ತು. ಮೊದಮೊದಲು ಅದನ್ನು ಕೊಡುವಾಗ ಅವರ ಕೈ ಸುತ್ತಮುತ್ತ ತಡಕಾಡುತ್ತಿತ್ತು, ಏನಾದರೂ ಹಾಕಲು. ಆಗ ನಾನು ಬೇರೆ ಕಡೆ ನೋಡುತ್ತಿದ್ದೆ. ಬರಬರುತ್ತಾ ಕೈ ಸುಮ್ಮನಾಯಿತು.

ಅಂತ್ಯಕ್ರಿಯೆಯ ದಿನ ಪಾಸ್ಟರ್, ಈ ತಾಯಿ ಎಷ್ಟೆಲ್ಲ ಕೊಟ್ಟರು ಎಂದು ಬಹಳ ಹೊತ್ತು ಮಾತಾಡಿದರು. ಎಲ್ಲ ನಿಜ. ಅವರ ಬಗ್ಗೆ ಸಾಕ್ಷಿ ಹೇಳುವವರು ಹೇಳಬಹುದು ಎಂದಾಗ ನಾನು ಎದ್ದು ನಿಂತೆ, ಹಾಗೇ ಕೂತುಬಿಟ್ಟೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಸಾವಿನ ಸುದ್ದಿ ಬಂದ ಗಳಿಗೆಯಲ್ಲಿ ನನ್ನ ಕಣ್ಣಿಗೆ ಕಟ್ಟಿದ್ದು ಹಳೆಯ ಸಿಸ್ಟರಮ್ಮ. ಸ್ವರ್ಗದ ಬಾಗಿಲಲ್ಲಿ ಜಗಳ ಆಗಿರಲಾರದು. ಬರಿಗೈಯಲ್ಲಿ ಒಳಗೆ ಹೋಗುವುದನ್ನು ಅವರು ಮೂರು ವರ್ಷ ನನ್ನ ಡಬ್ಬಿಯ ಮೇಲೆ ಅಭ್ಯಾಸ ಮಾಡಿದ್ದರು. ಊಟಕ್ಕೆ ಕೂತ ಮೇಲೆ ಉಪ್ಪು ಕಮ್ಮಿ ಎಂದಿರುತ್ತಾರೆ, ಅದು ಬೇರೆ ಮಾತು.